ಬುಡದ ನಾಲ್ಕು ಬೆರಳು

ಜತ್ತ ಸೀಮೆಯ ಆ ಮನೆಯಲ್ಲಿ ಮಗಳ ಶಾಲೆಯ ಖರ್ಚು ನಡೆಯುವುದು ಎಮ್ಮೆಯ ಹಾಲಿನಿಂದ. ಹಾಲು, ಬಾವಿಯ ಬದಿಯ ಕುದುರೆ ಮಸಾಲೆಯ ಮಡಿಯಿಂದ. ಕಳೆದ ಬೇಸಿಗೆಯಲ್ಲಿ ಮೇವು ಸಾಲದೆ ತಾಯಿ 15 ದಿನಕ್ಕೊಮ್ಮೆ ನೆಲಕ್ಕೆ ಹತ್ತಿ ಕೊಯ್ದಳು. ಬೇರಿನಲ್ಲಿ ಕೂಡಿಟ್ಟ ಸತ್ವ ತೀರಿ ಚಿಗುರು ಸೊರಗಿತು, ಹಾಲೂ ಇಳಿಯಿತು.

ಹಿಂಗಾರಿನಲ್ಲಿ ಮತ್ತೆ ಬಿತ್ತಿದಳು. ಮೊದಲ ಕೊಯ್ಲಿಗೆ 55–60 ದಿನ ಕಾದಳು. ಅನಂತರ 25–30 ದಿನಗಳಿಗೊಮ್ಮೆ, ಅಲ್ಲಲ್ಲಿ ಹೂ ಕಂಡಾಗ ಕುಡಗೋಲು ಹಿಡಿದಳು. ಇನ್ನೂ ತಡೆದರೆ ತೂಕವೇನೋ ಹೆಚ್ಚೀತು. ಆದರೆ ಕಾಂಡ ಬಲಿತು, ಸತ್ವವುಳ್ಳ ಎಲೆ ಉದುರುತ್ತದೆ.

“ಬುಡದಾಗ ನಾಕ ಬೆರಳ ಯಾಕ ಬಿಡ್ತಿ ಅವ್ವಾ?” ಎಂದು ಮಗಳು ಕೇಳಿದಳು.

“ಮುಂದಿನ ತಿಂಗಳ ಮೇವು ಅಲ್ಲೇ ಐತಿ” ಎಂದಳು ತಾಯಿ.