ಬಚ್ಚಲೋ ಹೊಳೆಯೋ?

ವಾನಳ್ಳಿಯ ನಂಟರ ಮನೆಗೆ ಮಕ್ಕಳೊಡನೆ ಹೊರಡುವ ಗೃಹಸ್ಥರಿಗೆ, ನೀರಾಟಕ್ಕೆ ಋತುವನ್ನು ನೋಡಿ ಎಡೆಯನ್ನಾರಿಸಿರೆಂದು ನಾವು ಹೇಳುವೆವು. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ಹಳ್ಳಗಳನ್ನು ನಂಬಲಾಗದು. ಇಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಸುರಿದ ಮಳೆಗೆ ಕ್ಷಣದಲ್ಲಿ ಉಕ್ಕುವುವು. ಆಗ ಬಚ್ಚಲುಮನೆಯೇ ಲೇಸು. ಒಲೆಯಲ್ಲಿ ಅಡಿಕೆಸಿಪ್ಪೆಯ ಉರಿ, ಹಂಡೆಯ ತುಂಬ ಬಿಸಿನೀರು, ಮಾಡಿನ ಮೇಲೆ ಮಳೆಯ ಸದ್ದು. ಮಕ್ಕಳು ಹೊರಗೆ ಬರಲೊಲ್ಲರು!

ಮಳೆ ಹಿಂದೆಗೆದ ಮೇಲೆ, ಶಿರಸಿಯನ್ನು ದಾಟಿ ಯಲ್ಲಾಪುರದ ಕಡೆಗಿರುವ ಸಹಸ್ರಲಿಂಗಕ್ಕೆ ಹೋಗಬಹುದು. ಸೋದೆಯ ಅರಸ ಸದಾಶಿವರಾಯನು (1678–1718) ಶಾಲ್ಮಲಾ ನದಿಯ ಬಂಡೆಗಳಲ್ಲಿ ಕಡೆಸಿದನೆನ್ನುವ ಲಿಂಗಗಳು ನೀರಿಳಿದಾಗಲೇ ಚೆನ್ನಾಗಿ ಕಾಣುವುವು. ಆದರೆ ಪಾಚಿಗಲ್ಲು ಜಾರುವುದು, ಮಡುವಿನ ಆಳ ಕಣ್ಣಿಗೆ ತಿಳಿಯದು. ಊರವರು ಬೇಡವೆಂದಲ್ಲಿ ಇಳಿಯದೆ, ಕೂಸುಗಳನ್ನು ಮೊಳಕಾಲಿಗಿಂತ ಕಡಮೆ ನೀರಿನಲ್ಲಿ ಕೈಹಿಡಿದೇ ಆಡಿಸಬೇಕು. ಒಣಬಟ್ಟೆ ಒಂದು ಜೊತೆ ಹೆಚ್ಚಿಗೆಯೇ ಇರಲಿ.