ಹುಣಿಸೆಹಣ್ಣಿನ ನಡುವೆ ಜೂಲಿಯೆಟ್

ತೋವಿನಕೆರೆಯಲ್ಲಿ ಬ್ಯಾಲೆ ಎಂದರೆ ನಗುವವರು ನಗಲಿ. ಮೂಡಲಪಾಯದ ಬಯಲಾಟಕ್ಕೆ ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಕೂರುವ ಸೀಮೆ ನಮ್ಮದು. ಒಂದು ಮಧ್ಯಾಹ್ನ ರಷ್ಯನ್ನರ ಕುಣಿತಕ್ಕೆ ಕೂರಲಾರೆವೆ? 1955ರ ‘ರೋಮಿಯೋ ಮತ್ತು ಜೂಲಿಯೆಟ್’ ಚಲನಚಿತ್ರವನ್ನು, ಬೊಲ್ಶಾಯ್ ಕಲಾವಿದರದು, ಲ್ಯಾಪ್‌ಟಾಪಿನಲ್ಲಿ ಹಾಕಿ ನಡುಮನೆಯಲ್ಲಿಟ್ಟೆ. ಎದುರಿಗೆ ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಅಜ್ಜಿ. ಗೋಡೆಗೊರಗಿ ಪತ್ರಿಕೆ ಹಿಡಿದ ಅಪ್ಪ.

ಜೂಲಿಯೆಟ್ ಆಗಿ ಕುಣಿದವರು ಗಲೀನಾ ಉಲಾನೊವಾ. ಷೇಕ್ಸ್‌ಪಿಯರನ ಜೂಲಿಯೆಟ್‌ಗೆ ಹದಿನಾಲ್ಕೂ ತುಂಬಿಲ್ಲ. 1910ರಲ್ಲಿ ಹುಟ್ಟಿದ ಈಕೆಗಾದರೋ ಆಗ ನಲವತ್ತು ದಾಟಿತ್ತು. ಮೀಸೆ ಬೋಳಿಸಿ ದ್ರೌಪದಿಯಾಗುವ ಗಂಡಸರನ್ನು ಕಂಡಿದ್ದ ಅಜ್ಜಿಗೆ ಇದೊಂದು ವಿಶೇಷವಾಗಿ ತೋರಲಿಲ್ಲ. “ಮಾತೇ ಆಡಲ್ವೇನೋ ಇವರು?” ಎಂದಷ್ಟೇ ಕೇಳಿದಳು. ಭಾಗವತನಿಲ್ಲ, ಅರ್ಥ ಹೇಳುವವರಿಲ್ಲ. ಆದರೆ ತಂದೆ ಗೊತ್ತು ಮಾಡಿದ ಮದುವೆಗೆ ಒಲ್ಲೆನೆಂದು ಜೂಲಿಯೆಟ್ ಮೇಲುಹೊದಿಕೆ ಬೀಸಿಕೊಂಡು ಸಂನ್ಯಾಸಿಯ ಬಳಿಗೆ ಓಡುತ್ತಾಳಲ್ಲ, ಆ ಓಟಕ್ಕೆ ಅಜ್ಜಿಯ ಕೈ ನಿಂತಿತು. ಅದು ಕುಣಿತವಲ್ಲ, ಬರಿಯ ಓಟ. ನನಗೆ ಇಡೀ ಚಿತ್ರದಲ್ಲಿ ಅದಕ್ಕಿಂತ ಹೆಚ್ಚಿನದು ಕಾಣಲಿಲ್ಲ.

ಇದರ ಸಂಗೀತ ಪ್ರೊಕೊಫಿಯೆವ್‌ನದು. 1935ರಲ್ಲಿ ಅದನ್ನು ಬರೆದಾಗ ಪ್ರೇಮಿಗಳನ್ನು ಬದುಕಿಸುವುದೆಂದೇ ಆತನ ಯೋಚನೆಯಾಗಿತ್ತು: ಬದುಕಿದವರು ಕುಣಿದಾರು, ಸಾಯುವವರು ಮಲಗಿಕೊಂಡು ಹೇಗೆ ಕುಣಿಯುವುದು? ಆಮೇಲೆ ಮನಸ್ಸು ಬದಲಾಯಿತು. ನಮ್ಮವರು ಇನ್ನೂ ಮುಂದೆ ಹೋಗಿದ್ದರು. ಇದೇ ಕಥೆಯನ್ನು ಆನಂದರಾಯರು 1889ರಲ್ಲಿ ‘ರಾಮವರ್ಮ ಲೀಲಾವತಿ’ಯಾಗಿಸಿದಾಗ ಸಾಕ್ಷಾತ್ ವಿಷ್ಣುವೇ ಬಂದು ಸತ್ತವರನ್ನು ಎಬ್ಬಿಸುತ್ತಾನೆ! ಮಂಗಳ ಹಾಡದೆ ಆಟ ಮುಗಿಸಲೊಲ್ಲದ ಆ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಸತ್ತವರೆಲ್ಲ ಎದ್ದು ಕುಳಿತರೆ ಮನೆಯ ಹಿರಿಯರು ಯಾರಿಗೂ ಉತ್ತರ ಹೇಳಬೇಕಾಗಿಲ್ಲವಲ್ಲ.

ಚಿತ್ರದ ಕೊನೆಯಲ್ಲಿ ವಿಷ್ಣು ಬರಲಿಲ್ಲ. ಎರಡು ಹೆಣಗಳ ಮುಂದೆ ಎರಡು ಮನೆಯ ಹಿರಿಯರು ಕೈ ಕೈ ಹಿಡಿದರು.

ಅಜ್ಜಿ ಅಪ್ಪನ ಕಡೆ ನೋಡಲಿಲ್ಲ. “ನಮ್ಮ ದೊಡ್ಡವಳು ಹೋಗಿ ಮೂರು ವರ್ಷ ಆಯ್ತು” ಎಂದು ಹುಣಿಸೆಹಣ್ಣಿಗೇ ಹೇಳಿದಳು. ಬದುವಿನ ಜಗಳದಿಂದ ಮಾತು ಬಿಟ್ಟಿದ್ದ ಮನೆಯ ಹುಡುಗನನ್ನು ಅಕ್ಕ ಮದುವೆಯಾದಂದಿನಿಂದ ನಮ್ಮಲ್ಲಿ ಆಕೆಯ ಹೆಸರೆತ್ತುವಂತಿರಲಿಲ್ಲ. ಅಪ್ಪ ಪತ್ರಿಕೆ ಮಡಿಸಿ, ಟವೆಲು ಕೊಡವಿಕೊಂಡು ತೋಟದ ಕಡೆ ನಡೆದ.

ದೀಪ ಹಚ್ಚುವ ಹೊತ್ತಿಗೆ ಬಂದವನು, ಕಾಲು ತೊಳೆಯುತ್ತ, ನನ್ನ ಮುಖ ನೋಡದೆ ಕೇಳಿದ:

“ಅವಳ ನಂಬರು ಅದೇನಾ, ಬದಲಾಗಿದೆಯಾ?”