ಅಪ್ಪ ಬಿಟ್ಟಿದ್ದ ಮಾತ್ರೆ

2021ರ ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾದಾಗ ನನಗಿದ್ದದ್ದು ಒಂದೇ ಚಿಂತೆ: ಅಪ್ಪನಿಗೆ ಪ್ಯಾರಾಸಿಟಮಾಲ್ ಯಾವಾಗ ಕೊಡಬೇಕು? ವಾಕೋಲಾದ ನಮ್ಮ ಬಿಲ್ಡಿಂಗಿನಲ್ಲಿ ಹಲವರು ಅದನ್ನು ನುಂಗಿಯೇ ಲಸಿಕೆಗೆ ಹೊರಡುತ್ತಿದ್ದರು. ನಾನು ಓದಿಕೊಂಡೆ. ಮುಂಚಿತವಾಗಿ ಬೇಡ, ಜ್ವರ, ನೋವು ಬಂದರೆ ನುಂಗಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಸಿಕ್ಕಿತು. ಮಾಮೂಲಿ ಲಸಿಕೆಗಳ ಜೊತೆಗೇ ಪ್ಯಾರಾಸಿಟಮಾಲ್ ಕೊಟ್ಟ ಚೆಕ್ ದೇಶದ ಕೂಸುಗಳಿಗೆ ಜ್ವರ ಕಡಿಮೆಯಾಗಿತ್ತು, ಆದರೆ ಕೆಲವು ಲಸಿಕೆಗಳಿಗೆ ಹುಟ್ಟುವ ಪ್ರತಿಕಾಯಗಳೂ ಕಡಿಮೆಯಾಗಿದ್ದವು. ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಒಪ್ಪಿಸಿದೆ.

“ಆಯ್ತು ಮಾರಾಯ್ತಿ, ನುಂಗುವುದಿಲ್ಲ” ಎಂದರು.

ಮರುದಿನ ರಿಕ್ಷಾದಲ್ಲಿ ಬಿಕೆಸಿಯ ಜಂಬೋ ಕೇಂದ್ರಕ್ಕೆ ಹೋದೆವು. ಮೇಜಿನ ಹಿಂದಿದ್ದ ಹುಡುಗಿ ಮರಾಠಿಯಲ್ಲಿ ಕೇಳಿದಳು: ಬಿಪಿ? ಶುಗರ್? ರಕ್ತ ತೆಳುವಾಗುವ ಮಾತ್ರೆ?

“ಕಾಹೀ ನಾಹೀ” ಎಂದರು ಅಪ್ಪ.

ನಾನು ಬಾಯಿ ಹಾಕಿದೆ. ಅಕ್ಟೋಬರಿನಲ್ಲಷ್ಟೇ ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿದೆ ಎಂದೆ. ಅಪ್ಪ ನನ್ನ ಮುಖ ನೋಡಲಿಲ್ಲ. “ನಾಲ್ಕು ದಿನದಿಂದ ಬಿಟ್ಟಿದ್ದೇನೆ.”

ಆ ಮಾತ್ರೆಯವರನ್ನು ಗೇಟಿನಿಂದಲೇ ವಾಪಸು ಕಳಿಸುತ್ತಾರೆಂದು ಕೆಳಗಿನ ಕಟ್ಟೆಯಲ್ಲಿ ಯಾರೋ ಹೇಳಿದ್ದರಂತೆ. ಕೋವಿಶೀಲ್ಡ್‌ನ ಮಾಹಿತಿ ಹಾಳೆಯಲ್ಲಿದ್ದದ್ದು ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ ಎಂದು. ಬಾಯಿಂದ ಬಾಯಿಗೆ ಹೋಗುತ್ತಾ ‘ತಿಳಿಸಿ’ ಎಂಬುದು ‘ನಿಲ್ಲಿಸಿ’ ಆಗಿತ್ತು. ಚೆಕ್ ದೇಶದ ಕೂಸುಗಳ ಬಗ್ಗೆ ಓದಿದ ನಾನು, ಅಡುಗೆಮನೆಯ ಕಪಾಟಿನಲ್ಲಿದ್ದ ಮಾತ್ರೆ ಡಬ್ಬಿಯನ್ನು ತೆರೆದು ನೋಡಿರಲಿಲ್ಲ.

ಹುಡುಗಿ ಡಾಕ್ಟರನ್ನು ಕರೆದಳು. ಐದು ತಿಂಗಳ ಸ್ಟೆಂಟ್ ಎಂದು ಕೇಳಿ ಅವರ ಪೆನ್ನು ನಿಂತಿತು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂದೇ ಅಲ್ಲವೇ ಆ ಮಾತ್ರೆ ಕೊಟ್ಟಿರುವುದು, ಸೂಜಿಗೆ ಹೆದರಿ ಅದನ್ನು ಬಿಡುವುದೇ? ಚುಚ್ಚಿದ ಜಾಗವನ್ನು ಸ್ವಲ್ಪ ಹೊತ್ತು ಅದುಮಿ ಹಿಡಿದರೆ ಆಯಿತು ಎಂದರು. ಬೈದದ್ದು ಅಪ್ಪನಿಗೆ, ನೋಡಿದ್ದು ನನ್ನನ್ನು.

ಲಸಿಕೆಯಾದ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಹತ್ತಿ ಅದುಮಿಕೊಂಡು ಅಪ್ಪ ಕೂತಿದ್ದರು. ನಾನು ಹೃದಯದ ಡಾಕ್ಟರಿಗೆ ಫೋನ್ ಹಚ್ಚಿದೆ. ಇವತ್ತೇ, ಈಗಲೇ ಶುರು ಮಾಡಿ ಎಂದರು. ಮೆಡಿಕಲ್ ಅಂಗಡಿ ಎಲ್ಲಿದೆಯೋ ಎಂದು ನಾನು ಏಳುವಷ್ಟರಲ್ಲಿ ಅಪ್ಪ ಅಂಗಿಯ ಜೇಬಿನಿಂದ ಸ್ಟ್ರಿಪ್ ತೆಗೆದರು. ನಾಲ್ಕೂ ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದರಂತೆ.

ರಾತ್ರಿ ನೂರಾಒಂದು ಜ್ವರ. ಕಂಬಳಿಯೊಳಗಿಂದ ಕೇಳಿದರು, “ಪ್ಯಾರಾಸಿಟಮಾಲ್ ಈಗಲಾದರೂ ಕೊಡುತ್ತೀಯೋ, ಇನ್ನೂ ಓದುವುದಿದೆಯೋ?”